ಕುಲುಮೆಗೆ ದಾಳ ಬಂದ ಕಥೆ

ರೋಲ್ ಪ್ಲೇಯಿಂಗ್ ಗೇಮ್ ಆಡಿದವರಿಗೆಲ್ಲ ಈ ಕಮ್ಮಾರ ಗೊತ್ತು. ಊರಿನ ಮಧ್ಯೆ ಸುತ್ತಿಗೆ, ಅಡಿಗಲ್ಲು, ತಿದಿ ಇಟ್ಕೊಂಡು ನಿಂತಿರ್ತಾನೆ. ಮಳೆ ಬಂದ್ರೂ ಅಲ್ಲೇ, ರಾಕ್ಷಸರು ಊರಿಗೆ ನುಗ್ಗಿದ್ರೂ ಅಲ್ಲೇ. ನೀವು ಕತ್ತಿ ಕೊಡ್ತೀರಿ, ಜೊತೆಗೆ ಒಂದಿಷ್ಟು ಅದಿರು, ಒಂದಿಷ್ಟು ಚಿನ್ನ. ಅವನು ಮೂರು ಏಟು ಹಾಕ್ತಾನೆ. +7 ಇದ್ದದ್ದು +8 ಆಗತ್ತೆ. ಆಗದಿದ್ರೆ ಕೆಲವು ಆಟಗಳಲ್ಲಿ ಕತ್ತಿಯೇ ಮಾಯ. ವಾರಗಟ್ಟಲೆ ನಿದ್ದೆಗೆಟ್ಟು ಸಂಪಾದಿಸಿದ ಕತ್ತಿ, ಕಮ್ಮಾರನ ಕೈಗೆ ಕೊಟ್ಟ ಮೂರು ಸೆಕೆಂಡಿಗೆ ಇಲ್ಲ.

ನಮ್ಮೂರ ಕುಲುಮೆಗೆ ಕುಡುಗೋಲು ತಟ್ಟಿಸೋಕೆ ಹೋದವರು ಬರಿಗೈಲಿ ವಾಪಸ್ ಬಂದದ್ದನ್ನ ನಾನಂತೂ ನೋಡಿಲ್ಲ. ಹಾಗಾದ್ರೆ ಈ ಪದ್ಧತಿ ಎಲ್ಲಿಂದ ಬಂತು? ಕೆಲಸದ ಮೇಲೆ ದಿನಾ ಇನ್ನೊಬ್ಬರು ಬರೆದ ಹಳೇ ಕೋಡ್ ಓದೋನು ನಾನು. ಯಾವ ಸಾಲು ಯಾವಾಗ ಸೇರಿತು, ಯಾಕೆ ಸೇರಿತು ಅಂತ ಹುಡುಕೋದು ಚಟ ಆಗಿಬಿಟ್ಟಿದೆ. ಈ ಕಮ್ಮಾರನನ್ನೂ ಹಾಗೇ ಹಿಂದಕ್ಕೆ ಹುಡುಕಿಕೊಂಡು ಹೋದೆ.

ಶುರುವಾಗೋದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆ ವರ್ಷ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನೋ ಆಟದ ಪುಸ್ತಕಗಳನ್ನ ತಂದರು. ಕಂಪ್ಯೂಟರ್ ಇಲ್ಲ. ಮೇಜು, ಪೆನ್ಸಿಲ್, ದಾಳ ಅಷ್ಟೇ. ನಾವು ಇವತ್ತು ಹೇಳೋ '+1 ಕತ್ತಿ' ಅನ್ನೋ ಮಾತು ಜನಪ್ರಿಯವಾದದ್ದು ಇಲ್ಲಿಂದ. ಅದು ಉತ್ಪ್ರೇಕ್ಷೆಯೂ ಅಲ್ಲ, ಬಿರುದೂ ಅಲ್ಲ, ಬರೀ ಲೆಕ್ಕ. 20 ಮುಖದ ದಾಳ ಎಸೀತೀರಿ, ಬಂದ ಸಂಖ್ಯೆಗೆ 1 ಸೇರಿಸ್ತೀರಿ. ಅಂದ್ರೆ ನಿಮ್ಮ ಏಟು ತಗಲೋ ಸಾಧ್ಯತೆ 5 ಶೇಕಡ ಏರಿತು. ಅಷ್ಟೇ ಮ್ಯಾಜಿಕ್ಕು.

ಆ ಮೊದಲ ಪುಸ್ತಕದಲ್ಲಿ ಒಂದು ಪುಟ್ಟ ದರಪಟ್ಟಿ ಇದೆ, ನನಗೆ ಬಹಳ ಇಷ್ಟ. ಗಾಯ ಮಾಯಿಸೋ ಮದ್ದು ತಯಾರಿಸಬೇಕೇ? 250 ಚಿನ್ನದ ನಾಣ್ಯ, ಒಂದು ವಾರ. ಕವಚವನ್ನ +1 ಮಾಡಬೇಕೇ? 2,000 ನಾಣ್ಯ, ಎರಡು ತಿಂಗಳು. ಇಪ್ಪತ್ತು ಬಾಣಕ್ಕೆ ಮಂತ್ರ ಹಾಕಬೇಕೇ? 1,000 ನಾಣ್ಯ, ನಾಲ್ಕು ವಾರ. ಮಾಡುವವನು ಕಮ್ಮಾರ ಅಲ್ಲ, ದೊಡ್ಡ ಹಂತಕ್ಕೆ ಏರಿದ ಮಂತ್ರವಾದಿ. ಗಮನಿಸಿ, ಆ ಪಟ್ಟಿಯಲ್ಲಿ ದುಡ್ಡಿದೆ, ದಿನ ಇದೆ, ದಾಳ ಇಲ್ಲ. ಯುದ್ಧದಲ್ಲಿ ದಾಳ, ಬಾಗಿಲು ಒಡೆಯೋಕೆ ದಾಳ, ಕತ್ತಿಯ ಬುದ್ಧಿ ಎಷ್ಟು ಅನ್ನೋಕೂ ದಾಳ ಇಟ್ಟ ಜನ, ಎರಡು ತಿಂಗಳು ಕೂತು ಮಾಡಿದ ಕೆಲಸ ಕೈಕೊಡಬಹುದು ಅಂತ ಆ ಪಟ್ಟಿಯಲ್ಲಿ ಬರೆಯಲಿಲ್ಲ.

ಕಂಪ್ಯೂಟರ್‌ಗೆ ಬಂದಾಗ ರುಚಿ ಬದಲಾಯಿತು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್, ಆಮೇಲೆ ಸೇರಿಕೊಂಡ ಕೆನ್ ಆರ್ನಾಲ್ಡ್ ಬರೆದ 'ರೋಗ್' ಆಟದಲ್ಲಿ ಚಿತ್ರವೇ ಇಲ್ಲ, ಎಲ್ಲಾ ಕೀಬೋರ್ಡಿನ ಅಕ್ಷರಗಳು. ಮದ್ದು ಸಿಗತ್ತೆ, ಆದ್ರೆ ಕೆಂಪು, ನೀಲಿ, ಹಸಿರು ಅಂತ ಬಣ್ಣ ಮಾತ್ರ ಗೊತ್ತು. ಕುಡಿದಮೇಲೇ ಗೊತ್ತಾಗೋದು ಅದು ಔಷಧಿಯೋ ವಿಷವೋ ಅಂತ. ಮುಂದಿನ ಆಟಕ್ಕೆ ಬಣ್ಣಗಳೆಲ್ಲ ಅದಲುಬದಲು. ಕತ್ತಿ, ಕವಚ ಬಲಪಡಿಸೋ ಮಂತ್ರದ ಸುರುಳಿಗಳೂ ಹಾಗೇ, ಓದಿ ನೋಡಬೇಕು. ಇನ್ನೊಂದು ಕಡೆ ಕವಚಕ್ಕೆ ತುಕ್ಕು ಹಿಡಿಸೋ ಒಂದು ಪ್ರಾಣಿ. ಏರಿಸಿದ್ದನ್ನ ಇಳಿಸೋಕೂ ಒಂದು ವ್ಯವಸ್ಥೆ ಇತ್ತು ಅನ್ನಿ.

1987ರಲ್ಲಿ ಬಂದ 'ನೆಟ್‌ಹ್ಯಾಕ್' ಈ ವಂಶದ್ದೇ ಕೂಸು. ಬಿಇ ಓದುವಾಗ ಲ್ಯಾಬಿನ ಲಿನಕ್ಸ್ ಮೆಷಿನ್ನುಗಳಲ್ಲಿ ನಾವು ಆಡ್ತಿದ್ದದ್ದು ಇದನ್ನೇ. ಹಿಂದಿನಿಂದ ನೋಡಿದವರಿಗೆ ಏನೋ ಕೋಡ್ ಬರೀತಿದಾರೆ ಅನ್ನಿಸೋದು, ಅದು ದೊಡ್ಡ ಅನುಕೂಲ. ಇದರಲ್ಲಿ ಒಂದು ಮದ್ದಿಗೆ ಇನ್ನೊಂದು ಮದ್ದು ಬೆರೆಸಿದ್ರೆ ಮೂರನೆಯದು ಹುಟ್ಟಬಹುದು, ಇಲ್ಲಾ ಸಿಡಿದು ಮುಖಕ್ಕೆ ಹಾರಬಹುದು. ಆಯುಧದ ಸುರುಳಿ ಓದಿದ್ರೆ ಕತ್ತಿ +1, +2 ಅಂತ ಏರ್ತಾ ಹೋಗತ್ತೆ. +5 ತನಕ ಭಯ ಇಲ್ಲ. +6 ಆದ ಕತ್ತಿಗೆ ಮತ್ತೆ ಓದಿದ್ರೆ ಮೂರರಲ್ಲಿ ಎರಡು ಸಲ ಕತ್ತಿ ನೀಲಿಯಾಗಿ ಧಗಧಗ ಹೊಳೆದು ಆವಿಯಾಗಿ ಹೋಗತ್ತೆ. ಕವಚಕ್ಕೆ ಸಾಮಾನ್ಯವಾಗಿ ಆ ಗೆರೆ +4. ನನ್ನ ರೂಮ್‌ಮೇಟ್ ಒಬ್ಬನ ಕತ್ತಿ ಹೀಗೆ ಆವಿಯಾದಾಗ ಇಡೀ ಲ್ಯಾಬು ನಕ್ಕಿತು, ಅವನೂ ನಕ್ಕ. ಯಾಕಂದ್ರೆ ನೆಟ್‌ಹ್ಯಾಕ್‌ನಲ್ಲಿ ನೀವು ಹೇಗೂ ಸಾಯ್ತೀರಿ, ಸತ್ತರೆ ಎಲ್ಲಾ ಮೊದಲಿಂದ. ಆಟ ಪುಕ್ಕಟೆ. ಕತ್ತಿ ಹೋದ್ರೆ ಯಾರ ಜೇಬಿಗೂ ಏನೂ ಬೀಳಲ್ಲ. ದುರಾಸೆ ಮೇಲಿನ ಒಂದು ಒಳ್ಳೇ ಜೋಕು ಅದು.

ಈ ಜೋಕು ಹಡಗು ಹತ್ತಿ ಕೊರಿಯಾಕ್ಕೆ ಹೋಯ್ತು.

1998ರಲ್ಲಿ ಎನ್‌ಸಿಸಾಫ್ಟ್ ಕಂಪನಿ 'ಲಿನಿಯೇಜ್' ಬಿಡುಗಡೆ ಮಾಡಿತು. ಶಿನ್ ಇಲ್-ಸೂಕ್ ಅವರ ಕಾಮಿಕ್ಸ್ ಕಥೆ, ಸಾಂಗ್ ಜೇ-ಕ್ಯಂಗ್ ಅನ್ನೋ ಎಂಜಿನಿಯರನ ಕೈಕೆಲಸ. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡೋ ಆನ್‌ಲೈನ್ ಆಟ. ಇದರಲ್ಲಿ ಆಯುಧ ಬಲಪಡಿಸೋ ಸುರುಳಿಯ ಹೆಸರು 'ಡೈಯೆನ್ ಫೂಯೆಲ್ಸ್', ಕವಚದ್ದು 'ಝೆಲ್ಗೊ ಮೆರ್'. ಕೊರಿಯಾದ ಆಟಗಾರರು ಚಿಕ್ಕದಾಗಿ 'ದೇಯಿ', 'ಜೆಲ್' ಅಂತಾರೆ. ಈ ಎರಡೂ ಹೆಸರು ಯಾವ ಭಾಷೆಯದ್ದೂ ಅಲ್ಲ. ಗುರುತು ಸಿಗದ ಸುರುಳಿಗಳ ಮೇಲೆ ನೆಟ್‌ಹ್ಯಾಕ್ ಕಲಸಿ ಅಂಟಿಸ್ತಿದ್ದ ಅರ್ಥವಿಲ್ಲದ ಚೀಟಿಗಳಲ್ಲಿ ಇವೆರಡೂ ಇದ್ದವು! ಅಲ್ಲಿ ಪ್ರತಿ ಆಟಕ್ಕೂ ಬದಲಾಗ್ತಿದ್ದ ಹೆಸರು ಇಲ್ಲಿ ಶಾಶ್ವತವಾಗಿ ನಿಂತುಬಿಟ್ಟಿತು. ಲಿನಿಯೇಜ್‌ನಲ್ಲಿ 'ಸುರಕ್ಷಿತ' ಗೆರೆ ಎಷ್ಟು ಗೊತ್ತಾ? ಸಾಮಾನ್ಯವಾಗಿ ಆಯುಧಕ್ಕೆ +6, ಕವಚಕ್ಕೆ +4. ಹಳೇ ಪ್ರಾಜೆಕ್ಟಿನಿಂದ ಫಂಕ್ಷನ್ ಎತ್ತಿ ಹೊಸದರಲ್ಲಿ ಇಟ್ಟವರಿಗೆ ಈ ಬಗೆಯ ಹೊಂದಿಕೆ ನೋಡಿದ ಕೂಡಲೇ ಗೊತ್ತಾಗತ್ತೆ.

ಆದ್ರೆ ಸುತ್ತಲಿನ ಲೋಕ ಬದಲಾಗಿತ್ತು. ಇಲ್ಲಿ ಆಟ ಮುಗಿಯೋದೇ ಇಲ್ಲ. ಸರ್ವರ್ ಹಗಲೂ ರಾತ್ರಿ ಓಡ್ತಿರತ್ತೆ, ರಾಕ್ಷಸರು ಸಾಯ್ತಿರ್ತಾರೆ, ಕತ್ತಿಗಳು ಬೀಳ್ತಿರ್ತವೆ. ಮೆಮೊರಿ ಬಿಡುಗಡೆ ಮಾಡದ ಪ್ರೋಗ್ರಾಮ್ ಥರ ಸರಕು ತುಂಬಿಕೊಳ್ತಾ ಹೋದ್ರೆ ಯಾವ ಕತ್ತಿಗೂ ಬೆಲೆ ಉಳಿಯಲ್ಲ. ಹಾಗಾಗಿ ಎಲ್ಲೋ ಒಂದು ಕಡೆ ಕತ್ತಿಗಳು ನಾಶ ಆಗಲೇಬೇಕು. ಅಮೆರಿಕದ 'ಅಲ್ಟಿಮಾ ಆನ್‌ಲೈನ್' (1997) ಇದಕ್ಕೆ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಬಳಸಿದಷ್ಟೂ ಆಯುಧ ಸವೆಯುತ್ತೆ, ಮತ್ತು ಕಮ್ಮಾರ ಇನ್ನೊಬ್ಬ ಆಟಗಾರನೇ. ಕುಲುಮೆ ಮುಂದೆ ಜನ ನಿಂತು 'ಸ್ವಲ್ಪ ರಿಪೇರಿ ಮಾಡಿಕೊಡಪ್ಪ' ಅಂತ ಕೇಳ್ತಿದ್ರು. ಅದು ನಮ್ಮೂರಿಗೆ ಹತ್ತಿರದ ವ್ಯವಸ್ಥೆ. ಲಿನಿಯೇಜ್ ಆರಿಸಿಕೊಂಡದ್ದು ಆವಿಯಾಗೋ ಕತ್ತಿಯನ್ನ. ಮನುಷ್ಯರು ಸವೆತವನ್ನ ದ್ವೇಷಿಸ್ತಾರೆ, ಜೂಜನ್ನ ಪ್ರೀತಿಸ್ತಾರೆ. ಗುಂಪಿನಲ್ಲಿ ಒಬ್ಬ +9 ಕತ್ತಿ ಹಿಡಿದು ನಿಂತರೆ ಉಳಿದವರೆಲ್ಲ ತಮ್ಮ +6 ಅನ್ನ ನೋಡಿಕೊಳ್ತಾರೆ. ಇಂಥ ಕತ್ತಿಗಳು ನಿಜವಾದ ದುಡ್ಡಿಗೆ ಕೈಬದಲಾಗತೊಡಗಿದವು. 2002ರ 'ರ‍್ಯಾಗ್ನರಾಕ್ ಆನ್‌ಲೈನ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಳಪೆ ಆಯುಧಕ್ಕೆ +7 ತನಕ ಅಭಯ, ಅತ್ಯುತ್ತಮ ಆಯುಧಕ್ಕೆ +4 ತನಕ ಮಾತ್ರ ಅಂದಿತು. ಪ್ರೀತಿಯ ಕತ್ತಿ ಬೇಗ ಒಡೀಬೇಕು ಅನ್ನೋ ಲೆಕ್ಕ. (ಇದೇ ಹೊತ್ತಿಗೆ ಬಂದ 'ಡಯಾಬ್ಲೊ 2'ರಲ್ಲಿ ಮೂರು ಚೇತರಿಕೆ ಮದ್ದು ಪೆಟ್ಟಿಗೆಗೆ ಹಾಕಿದ್ರೆ ಒಂದು ಪೂರ್ಣ ಚೇತರಿಕೆ ಮದ್ದು ಖಂಡಿತ ಸಿಗ್ತಿತ್ತು. ಎಲ್ಲರೂ ದಾಳದ ದಾರಿ ಹಿಡಿಯಲಿಲ್ಲ.)

ನಿಜವಾದ ಕುಲುಮೆಯಲ್ಲಿ ಸೋಲೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಆಟಗಳಿಗೆ 'ಡಮಾಸ್ಕಸ್' ಉಕ್ಕಿನ ಹೆಸರು ಅಂದ್ರೆ ಬಹಳ ಪ್ರೀತಿ. ಆ ಖ್ಯಾತಿಯ ಹಿಂದೆ ದಕ್ಷಿಣ ಭಾರತದ ಮೂಸೆ ಉಕ್ಕು ಇದೆ. ಅದಕ್ಕೆ ಇಂಗ್ಲಿಷಿನಲ್ಲಿ 'ವೂಟ್ಸ್' ಅಂತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಹೆಸರಲ್ಲೇ ಪ್ರಬಂಧ ಮಂಡಿಸಿದ. ಆ ಪದದ ಮೂಲ ನಮ್ಮ 'ಉಕ್ಕು' ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ಇಲ್ಲಿನ ಉಕ್ಕಿನ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ಕಟ್ಟಿಗೆ ಚೂರು, ಎಲೆ ಹಾಕಿ, ಬಾಯಿ ಮೆತ್ತಿ, ಗಂಟೆಗಟ್ಟಲೆ ತಿದಿ ಒತ್ತಬೇಕು. ಮೂಸೆ ಬಿರಿದ್ರೆ ಕೆಟ್ಟಿತು, ಕಾವು ಸಾಲದಿದ್ರೂ ಕೆಟ್ಟಿತು. ಆದ್ರೆ ಬಿರಿದ ಮೂಸೆ ಕೈಯಲ್ಲಿ ಹಿಡಿದವನಿಗೆ ಮಣ್ಣು ಯಾಕೆ ಕೈಕೊಟ್ಟಿತು ಅನ್ನೋ ಅಂದಾಜು ಸಿಗ್ತಿತ್ತು. ಹತ್ತನೇ ಮೂಸೆ ಹೊತ್ತಿಗೆ ಅವನ ಕೈ ಮೊದಲನೆಯದಕ್ಕಿಂತ ಪಳಗಿರ್ತಿತ್ತು.

ಆಟದ ಕಮ್ಮಾರನಿಗೆ ಕೈಯೇ ಇಲ್ಲ, ಇರೋದು ಒಂದು ರ‍್ಯಾಂಡಮ್ ನಂಬರ್. ಹಿಂದಿನ ಏಟು ಅದಕ್ಕೆ ನೆನಪಿರಲ್ಲ. 2003ರಲ್ಲಿ ಬಂದ 'ಮೇಪಲ್‌ಸ್ಟೋರಿ'ಯಲ್ಲಿ 10%, 60%, 100% ಅಂತ ಸುರುಳಿಯ ಮೇಲೇ ಸಾಧ್ಯತೆ ಬರೆದಿರ್ತಿತ್ತು. ಕಮ್ಮಿ ಸಾಧ್ಯತೆಯದ್ದಕ್ಕೆ ಹೆಚ್ಚು ಬಲ. 10%ದ್ದನ್ನ ಹತ್ತು ಸಲ ಬಳಸಿದ್ರೆ ಒಂದಾದ್ರೂ ಆಗಲೇಬೇಕಲ್ಲ ಅಂತ ಎಲ್ಲರಿಗೂ ಅನ್ಸತ್ತೆ. ಲೆಕ್ಕ ಹಾಕಿ ನೋಡಿ, ಹತ್ತು ಸಲವೂ ಸೋಲೋರು ನೂರಕ್ಕೆ ಸುಮಾರು 35 ಜನ. ಆದ್ರೂ ಈ ಸುರುಳಿಗಳನ್ನ ನಾನು ಮೋಸ ಅನ್ನಲ್ಲ. ಸಂಖ್ಯೆ ಕಣ್ಣೆದುರಿಗಿತ್ತು.

ಮೋಸದ ಮಾತು ಬಂದದ್ದು ಅದೇ ಆಟದ 'ಕ್ಯೂಬ್'ನಿಂದ. 2010ರಲ್ಲಿ ನೆಕ್ಸಾನ್ ಕಂಪನಿ ಇದನ್ನ ನಿಜವಾದ ದುಡ್ಡಿಗೆ ಮಾರೋಕೆ ಶುರು ಮಾಡಿತು. ಕ್ಯೂಬ್ ಬಳಸಿದ್ರೆ ಆಯುಧ, ಕವಚದ ಹೆಚ್ಚುವರಿ ಗುಣಗಳು ಹೊಸದಾಗಿ ಕಲಸಿ ಬರ್ತವೆ. ಇಷ್ಟವಾಗದಿದ್ರೆ ಇನ್ನೊಂದು ಕ್ಯೂಬ್ ತಗೊಳ್ಳಿ. ಸಾಧ್ಯತೆ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಹತ್ತು ವರ್ಷ ಹೀಗೇ ನಡೀತು. 2021ರ ಫೆಬ್ರವರಿಯಲ್ಲಿ ಒಂದು ಪ್ಯಾಚ್ ನೋಟ್ ಬಂತು. ಕ್ಯೂಬ್ ಅಲ್ಲದ ಇನ್ನೊಂದು ಬಲಪಡಿಸೋ ವಸ್ತುವಿನ ಬಗ್ಗೆ, ಇನ್ನುಮುಂದೆ ಎಲ್ಲಾ ಗುಣಗಳೂ 'ಸಮಾನ ಸಾಧ್ಯತೆ'ಯಲ್ಲಿ ಬರೋ ಹಾಗೆ ಸರಿಪಡಿಸಿದ್ದೇವೆ ಅಂತ ಒಂದು ಸಾಲು. ರಿಲೀಸ್ ನೋಟ್ ಯಾರೂ ಓದಲ್ಲ ಅಂತ ನಮ್ಮ ಆಫೀಸಲ್ಲಿ ತಮಾಷೆ ಇದೆ. ಅಲ್ಲಿ ಓದಿದ್ರು. ಹಾಗಾದ್ರೆ ಇಷ್ಟು ದಿನ ಸಮಾನ ಇರಲಿಲ್ವಾ ಅಂತ ಕೇಳಿದ್ರು. ಎಲೆಕ್ಟ್ರಾನಿಕ್ ಬೋರ್ಡ್ ಕಟ್ಟಿದ ಟ್ರಕ್ಕುಗಳನ್ನ ಬಾಡಿಗೆಗೆ ಹಿಡಿದು ಪ್ರತಿಭಟಿಸಿದ್ರು.

ಮಾರ್ಚ್‌ನಲ್ಲಿ ಕಂಪನಿ ಕ್ಯೂಬ್‌ನ ಸಾಧ್ಯತೆಗಳನ್ನ ಬಹಿರಂಗ ಮಾಡಿತು. ಜನ ಅತಿ ಹೆಚ್ಚು ಬಯಸ್ತಿದ್ದ ಕೆಲವು ಜೋಡಣೆಗಳು, ಅಂದ್ರೆ ಮೂರು ಸಾಲಿನಲ್ಲೂ ಅದೇ ಒಳ್ಳೆಯ ಗುಣ, ಬರೋ ಹಾಗೇ ಇರಲಿಲ್ಲ. ಕಮ್ಮಿ ಅಲ್ಲ, ಸೊನ್ನೆ. 2024ರ ಜನವರಿ 3ರಂದು ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ನೆಕ್ಸಾನ್‌ಗೆ ಸುಮಾರು 1,164 ಕೋಟಿ ವಾನ್ ದಂಡ ಹಾಕಿತು. ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿಗೂ ಮೇಲೆ. ಆಯೋಗದ ಪ್ರಕಾರ ಮೊದಲು ಎಲ್ಲಾ ಗುಣಗಳಿಗೂ ಒಂದೇ ಸಾಧ್ಯತೆ ಇತ್ತು, 2010ರ ಸೆಪ್ಟೆಂಬರಿನಿಂದ ಜನಪ್ರಿಯ ಗುಣಗಳದ್ದನ್ನ ತಗ್ಗಿಸಲಾಯಿತು. 2011ರ ಆಗಸ್ಟ್‌ನಿಂದ ಕೆಲವನ್ನ ಬರದಂತೆಯೇ ಮಾಡಿ, ಏನೂ ಬದಲಾಗಿಲ್ಲ ಅಂತ ಪ್ರಕಟಣೆ ಕೊಡಲಾಯಿತು. ಇನ್ನೊಂದು ಬಗೆಯ ಕ್ಯೂಬ್‌ನಲ್ಲಿ ದರ್ಜೆ ಏರೋ ಸಾಧ್ಯತೆ 1.8%ನಿಂದ 1.4%, ಆಮೇಲೆ 1%ಗೆ ಇಳಿದಿತ್ತು. ಆಗ ಸಾಧ್ಯತೆ ಹೇಳಬೇಕು ಅನ್ನೋ ಕಾನೂನೇ ಇರಲಿಲ್ಲ ಅನ್ನೋದು ಕಂಪನಿಯ ವಾದ. ಕಾನೂನು ಇರಲಿಲ್ಲ, ನಿಜ. ಆದ್ರೆ 1.8 ಇದ್ದದ್ದನ್ನ 1.4 ಮಾಡೋಕೆ ಯಾರೋ ಒಬ್ಬರು ಎಡಿಟರ್ ತೆಗೆದು, ಸಂಖ್ಯೆ ಅಳಿಸಿ, ಕಮಿಟ್ ಮಾಡಿರ್ತಾರೆ. ಅವರಿಗೂ ನನ್ನ ಹಾಗೇ ತಿಂಗಳ ಸಂಬಳ ಬಂದಿರತ್ತೆ. ಈ ಇಡೀ ಇತಿಹಾಸದಲ್ಲಿ ನನಗೆ ಪದೇ ಪದೇ ನೆನಪಾಗೋದು ಆ ಮನುಷ್ಯ.

2021ರಲ್ಲಿ ಸಿಟ್ಟಾಗಿ ಹೊರಟವರಲ್ಲಿ ಬಹಳ ಜನ 'ಲಾಸ್ಟ್ ಆರ್ಕ್' ಆಟಕ್ಕೆ ಹೋದರು. ಅಲ್ಲೂ ಕುಲುಮೆ ಇದೆ, ದಾಳ ಇದೆ. ಆದ್ರೆ ಸೋತರೆ ಆಯುಧ ಒಡೆಯಲ್ಲ. ಸೋತ ಪ್ರತಿ ಸಲವೂ 'ಕುಶಲಕರ್ಮಿಯ ಶಕ್ತಿ' ಅನ್ನೋ ಪಟ್ಟಿ ಸ್ವಲ್ಪ ತುಂಬತ್ತೆ, ಪೂರ್ತಿ ತುಂಬಿದ ಮೇಲಿನ ಏಟು ಖಂಡಿತ ಗೆಲ್ಲತ್ತೆ. ಪ್ರೋಗ್ರಾಮಿಗೆ ನೆನಪು ಬಂತು ಅನ್ನಿ. ಹೆಸರು ಇಟ್ಟವರಿಗೆ ನಿಜವಾದ ಕುಲುಮೆ ಗೊತ್ತಿತ್ತೇನೋ. ಇದರಲ್ಲೂ ದುಡ್ಡು ಸುರಿಯೋರು ಸುರೀತಾರೆ, ಆದ್ರೆ ಹೆಚ್ಚೆಂದರೆ ಎಷ್ಟು ಸುರಿಯಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು.

2024ರ ಮಾರ್ಚ್ 22ರಿಂದ ಕೊರಿಯಾದಲ್ಲಿ ದುಡ್ಡಿಗೆ ಮಾರೋ ಇಂಥ ಅದೃಷ್ಟದ ವಸ್ತುಗಳ ಸಾಧ್ಯತೆ ಪ್ರಕಟಿಸೋದು ಕಡ್ಡಾಯ. ಆ ವರ್ಷದ ನವೆಂಬರಿನಲ್ಲಿ ಒಬ್ಬ ಮೇಪಲ್‌ಸ್ಟೋರಿ ಆಟಗಾರ ಹೂಡಿದ್ದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅವನು ಖರ್ಚು ಮಾಡಿದ್ದು ಒಂದು ಕೋಟಿ ವಾನ್‌ಗೂ ಹೆಚ್ಚು. ವಾಪಸ್ ಕೊಡಿ ಅಂತ ಕೋರ್ಟ್ ಎತ್ತಿಹಿಡಿದದ್ದು ಅದರ 5 ಶೇಕಡ.