ಅಪ್ಪನ ಕಾರಿನ ತಂತಿಗಳು

ನಮ್ಮ ಮನೆಯ ಮಾರಿಸ್ ಮೈನರ್ ಕಾರಿನಿಂದ ಹೊಗೆ ಎದ್ದದ್ದು 2022ರ ಆಷಾಢದ ಒಂದು ಸಂಜೆ. ಬಂಗಾರಪೇಟೆಯಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು ಕೆ.ಜಿ.ಎಫ್.ಗೆ ಹಿಂತಿರುಗುತ್ತಿದ್ದೆವು. ತಮ್ಮ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕುಳಿತಿದ್ದೆ. ಊರು ದಾಟಿ ಎರಡು ಮೈಲಿ ಬಂದಿರಬೇಕು, ಡ್ಯಾಶ್‌ಬೋರ್ಡಿನ ಹಿಂದಿನಿಂದ ರಬ್ಬರು ಸುಟ್ಟ ವಾಸನೆ ಬಂತು. ನೋಡುತ್ತಿದ್ದಂತೆ ಬಿಳಿ ಹೊಗೆ. ತಮ್ಮ ಕಾರು ನಿಲ್ಲಿಸಿ, ಓಡಿಹೋಗಿ ಬಾನೆಟ್ ಎತ್ತಿ, ಬ್ಯಾಟರಿಯ ತಂತಿಯನ್ನು ಕಿತ್ತುಹಾಕಿದ. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ. ಟೆಂಪೋ ಒಂದರ ಹಿಂದೆ ಹಗ್ಗ ಕಟ್ಟಿಕೊಂಡು, ಸೈನೈಡ್ ದಿಬ್ಬಗಳ ಮೇಲೆ ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆವು.

“ಅಕ್ಕಾ, ಇನ್ನು ಸಾಕು. ಗುಜರಿಗೆ ಕೊಟ್ಟುಬಿಡೋಣ” ಎಂದ ತಮ್ಮ. ನಾನು ಮಾತಾಡಲಿಲ್ಲ. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಇನ್ನೂ ಉಸಿರಾಡುತ್ತಿದ್ದುದು ಅದೊಂದೇ ಎಂದು ನನಗೆ ಅನಿಸುತ್ತಿತ್ತು.

ಕಾರು 1955ರದ್ದು. ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ತರಿಸಿಕೊಂಡಿದ್ದನಂತೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಆತ ಅದನ್ನು ಮಾರಿ ಸ್ವದೇಶಕ್ಕೆ ಹೋದ. ಅಲ್ಲಿಂದ ಎರಡು ಕೈ ಬದಲಾಗಿ 1971ರಲ್ಲಿ ನಮ್ಮ ಮನೆಗೆ ಬಂತು. ಅಪ್ಪ ಚಾಂಪಿಯನ್ ರೀಫ್ ಗಣಿಯ ವಿದ್ಯುತ್ ವಿಭಾಗದಲ್ಲಿ ಸೂಪರ್‌ವೈಸರ್. ಸಂಬಳ ದೊಡ್ಡದಲ್ಲ. ಹದಿನಾರು ವರ್ಷ ಹಳೆಯ ಕಾರಾದ್ದರಿಂದ ಕೈಗೆಟುಕಿತು. ಈ ಕಾರಿನಲ್ಲಿ ತಿರುಗುವ ದಿಕ್ಕು ತೋರಿಸಲು ಮಿನುಗುವ ದೀಪವಿಲ್ಲ. ಬಾಗಿಲಿನ ಹಿಂದಿನ ಕಂಬದಿಂದ ಒಂದು ಪುಟ್ಟ ಕೆಂಬಣ್ಣದ ಕೈ ಹೊರಗೆ ಚಾಚಿಕೊಳ್ಳುತ್ತದೆ. ಲೈನಿನ ಮಕ್ಕಳೆಲ್ಲ ಆ ಕೈ ನೋಡಲೆಂದೇ ಬೀದಿ ತಿರುವಿನಲ್ಲಿ ಕಾಯುತ್ತಿದ್ದರು. ಅಪ್ಪ ತಿರುಗಬೇಕಾಗಿಲ್ಲದಿದ್ದರೂ ಒಂದು ಸಲ ಅದನ್ನು ಎತ್ತಿ ಇಳಿಸುತ್ತಿದ್ದರು.

ತಂತಿ ಸುಟ್ಟದ್ದಕ್ಕೆ ಕಾರಣ ಹೇಳಿದವರು ಅಪ್ಪನ ಕೈಕೆಳಗೆ ವೈರ್‌ಮನ್ ಆಗಿದ್ದ ಒಬ್ಬರು. 1979ರಲ್ಲಿ ಗಣಿಗೆ ಸೇರಿದವರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ರೈಲು ನಿಲ್ದಾಣದ ಹತ್ತಿರ ಒಂದು ಸಣ್ಣ ಆಟೋ ಎಲೆಕ್ಟ್ರಿಕ್ ಅಂಗಡಿ ಇಟ್ಟುಕೊಂಡಿದ್ದರು. ಮನೆಮಾತು ತಮಿಳು, ನನ್ನೊಡನೆ ಮಾತ್ರ ನಿಧಾನವಾದ ಕನ್ನಡ. ಬಾನೆಟ್ ಎತ್ತಿ ಒಂದು ಕ್ಷಣ ನೋಡಿದ್ದೇ, “ಬ್ಯಾಟರಿ ಉಲ್ಟಾ ಹಾಕಿದ್ದಾರೆ, ಟೀಚರಮ್ಮ” ಎಂದರು.

ಈಗಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿ ಕಾರಿನ ಮೈಗೆ ಸೇರಿರುತ್ತದೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಹೆಚ್ಚಿನವು ಇದಕ್ಕೆ ವಿರುದ್ಧ, ಧನ ತುದಿಯೇ ಮೈಗೆ. ಬ್ಯಾಟರಿ ಅಂಗಡಿಯ ಹುಡುಗ ತಾನು ಕಲಿತಂತೆ, ಕ್ಲಾಂಪನ್ನೂ ಬದಲಾಯಿಸಿ ಜೋಡಿಸಿದ್ದ. ಇಂಜಿನ್ ವೇಗವಾಗಿ ತಿರುಗಿದಾಗ ಡೈನಮೋ ತನ್ನ ಹಳೆಯ ದಿಕ್ಕಿನಲ್ಲೇ ವಿದ್ಯುತ್ ಕಳಿಸಿತು, ಬ್ಯಾಟರಿ ಎದುರು ದಿಕ್ಕಿನಲ್ಲಿತ್ತು. ನಡುವೆ ಇರುವ ಕಟ್‌ಔಟ್ ಎಂಬ ಪೆಟ್ಟಿಗೆಯ ಬಾಯಿ ಅಂಟಿಕೊಂಡು, ಎರಡೂ ಸೇರಿ ತಂತಿಯನ್ನು ಸುಟ್ಟವು. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಿದ್ದ ಅಪ್ಪ ಎಲ್ಲಿಯೂ ಬರೆದಿಟ್ಟಿರಲಿಲ್ಲ.

“ಪೂರಾ ಹೊಸ ತಂತಿ ಎಳೆಯಬೇಕು. ಅಲ್ಲಲ್ಲಿ ತೇಪೆ ಹಾಕಿದರೆ ಇನ್ನೊಂದು ಸಲ ಸುಡುತ್ತೆ” ಎಂದರು ಅವರು. ತಮ್ಮನನ್ನು ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲೇ ನಿಯಮ ತಂದಿದೆ ಎಂದು ಪತ್ರಿಕೆಯ ತುಣುಕು ತೋರಿಸಿದ ಮೇಲೆ ಅವನ ಗುಜರಿಯ ಮಾತು ನಿಂತಿತು.

ಕೆಲಸ ಶುರುವಾದದ್ದು ದಸರಾ ರಜೆಯಲ್ಲಿ. ನಾನು ಹಳೆಯ ತಂತಿಯನ್ನು ಕತ್ತರಿಸಿ ಎಳೆದು ಬಿಸಾಡುತ್ತಾರೆ ಎಂದುಕೊಂಡಿದ್ದೆ. ಅವರು ಒಂದನ್ನೂ ಕತ್ತರಿಸಲಿಲ್ಲ. “ಕತ್ತರಿಸಿದರೆ ಕಥೆ ಮುಗೀತು. ಯಾವುದು ಎಲ್ಲಿಗೆ ಹೋಗ್ತಿತ್ತು ಅಂತ ಹೇಳೋರು ಯಾರು?” ಎಂದು, ಪ್ರತಿ ತುದಿಯನ್ನೂ ಬಿಚ್ಚುವ ಮುಂಚೆ ಒಂದು ಚೀಟಿ ಕಟ್ಟಲು ನನಗೆ ಹೇಳಿದರು. ನಾನು ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ‘ಎಡ ದೀಪ’, ‘ಹಾರನ್’, ‘ಡೈನಮೋ ದಪ್ಪ ತಂತಿ’, ‘ಬಲಗೈ’ ಎಂದು ಬರೆದು ಕಟ್ಟಿದೆ. ಎರಡು ದಿನದ ಮೇಲೆ ಇಡೀ ಕಟ್ಟು ಹಾವಿನ ಪೊರೆಯ ಹಾಗೆ ಇಡಿಯಾಗಿ ಹೊರಗೆ ಬಂತು. ಅದನ್ನು ಹಜಾರದ ನೆಲದ ಮೇಲೆ ಉದ್ದಕ್ಕೆ ಹರಡಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅದೇ ನಕ್ಷೆ.

ಆ ಕಾಲದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಬಣ್ಣದ ಹತ್ತಿಯ ನೇಯ್ಗೆ. ರಬ್ಬರು ಅರುವತ್ತೇಳು ವರ್ಷದಲ್ಲಿ ಒಣಗಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು, ನೇಯ್ಗೆ ಮಾತ್ರ ಉಳಿದಿತ್ತು. ಬಣ್ಣಗಳಿಗೆ ಒಂದು ಶಾಸ್ತ್ರವಿದೆ. ಬ್ಯಾಟರಿಯಿಂದ ಬರುವ ಮುಖ್ಯ ತಂತಿ ಕಂದು. ಕೀಲಿ ತಿರುಗಿಸಿದಾಗ ಜೀವ ಬರುವುದು ಬಿಳಿ. ಅದರಿಂದ ಫ್ಯೂಸ್ ದಾಟಿ ಬಂದದ್ದು ಹಸಿರು. ದೊಡ್ಡ ದೀಪಕ್ಕೆ ನೀಲಿ, ಪಕ್ಕದ ಮತ್ತು ಹಿಂದಿನ ದೀಪಕ್ಕೆ ಕೆಂಪು, ಮೈಗೆ ಸೇರುವುದು ಕಪ್ಪು. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಸಂಸ್ಥೆಯ ಪದ್ಧತಿ. ಆ ಸಂಸ್ಥೆಯೇ 1961ರಲ್ಲಿ ಟಿವಿಎಸ್ ಜೊತೆ ಸೇರಿ ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ಕಾರ್ಖಾನೆ ಆರಂಭಿಸಿತು. ನಮ್ಮ ವೈರ್‌ಮನ್ ಈ ಬಣ್ಣಗಳನ್ನು ಕಲಿತದ್ದು ಅಂಬಾಸಡರ್ ಕಾರುಗಳಲ್ಲಿ. ಅಂಬಾಸಡರ್ ಕೂಡ ಮಾರಿಸ್ ಮನೆತನದ್ದೇ, ನಮ್ಮ ಮೈನರ್‌ಗೆ ದೊಡ್ಡಪ್ಪನ ಮಗ ಎನ್ನಿ.

ನೆಲದ ಮೇಲೆ ಮಲಗಿದ್ದ ಆ ಕಟ್ಟನ್ನು ನೋಡುವಾಗ ನನಗೆ ಬೇರೊಂದು ತಂತಿಯ ನೆನಪಾಯಿತು. ಹತ್ತನೆಯ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ‘1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಪೂರೈಸಲಾಯಿತು’ ಎಂಬ ಒಂದು ವಾಕ್ಯವನ್ನು ವರ್ಷವರ್ಷವೂ ಬರೆಸಿದ್ದೇನೆ. ಒಂದಂಕದ ಪ್ರಶ್ನೆ ಅದು.

ಆ ಒಂದಂಕದ ಹಿಂದೆ ಎಷ್ಟು ಕೆಲಸವಿತ್ತು! ಅದಕ್ಕೆ ಮುಂಚೆ ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂದಿತ್ತು. ಆದರೂ ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಕಾಡು ಬರಿದಾಗಬೇಕು. ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆದು ಗಣಿಗೆ ಮಾರುವ ಯೋಜನೆಗೆ ದಿವಾನ್ ಶೇಷಾದ್ರಿ ಅಯ್ಯರ್ ಬೆಂಬಲ ಕೊಟ್ಟರು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅದನ್ನು ರೂಪಿಸಿದ. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಗಣಿಗಳು ಕೊಳ್ಳಲು ಒಪ್ಪಿದವು. 1902ರ ಜೂನ್ 30ರಂದು, ಸುಮಾರು 148 ಕಿಲೋಮೀಟರ್ ತಂತಿಯ ಮೇಲೆ ವಿದ್ಯುತ್ ನಮ್ಮೂರಿಗೆ ಹರಿದು ಬಂತು. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೂರು ವರ್ಷ ತಡವಾಗಿ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು, ಯೋಜನೆ ಪೂರ್ಣವಾದದ್ದನ್ನು ನೋಡಲಿಲ್ಲ.

ವಿದ್ಯುತ್ ಬಂದದ್ದು ಗಣಿಗೆ, ಗಣಿಯವರ ಮನೆಗಲ್ಲ. ನನ್ನ ಅಜ್ಜಿ ಲೈನ್‌ಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿ ಹಚ್ಚಿಯೇ ಬಹಳ ವರ್ಷ ಅಡುಗೆ ಮಾಡಿದವಳು. ಅಜ್ಜ ವಿದ್ಯುತ್ ದೀಪದ ಕೆಳಗೆ ಕೆಲಸ ಮಾಡಿ, ಕತ್ತಲೆಯ ಮನೆಗೆ ಬರುತ್ತಿದ್ದ. ಅಪ್ಪ ವಿದ್ಯುತ್ ಕೆಲಸವನ್ನೇ ಹಿಡಿದದ್ದಕ್ಕೆ ಇದೇ ಕಾರಣವೆಂದು ಅಜ್ಜಿ ಹೇಳುತ್ತಿದ್ದಳು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು, ಇಂದಿನದು 50. ಹಳೆಯ ಬಲ್ಬುಗಳು ಕಣ್ಣಿಗೆ ಕಾಣುವಷ್ಟು ನಡುಗುತ್ತಿದ್ದವು ಎಂದು ಅಪ್ಪ ತಮ್ಮ ಹಿರಿಯರಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು.

ಮೂರನೆಯ ದಿನ ಒಂದು ಸಂಗತಿ ನಡೆಯಿತು. ಕಟ್ಟಿನ ಮೇಲಿನ ಪಟ್ಟಿಯನ್ನು ಬಿಚ್ಚುತ್ತಾ ಹೋದ ವೈರ್‌ಮನ್ ಒಂದು ಕಡೆ ನಿಂತರು. ಹಿಂದಿನ ದೀಪಕ್ಕೆ ಹೋಗುವ ಕೆಂಪು ತಂತಿ ಅರ್ಧದಲ್ಲಿ ಮುಗಿದು, ಅಲ್ಲಿಂದ ಮುಂದೆ ಬೇರೆ ತಂತಿ ಸೇರಿತ್ತು. ಕಪ್ಪು ಹೊದಿಕೆ, ಒಳಗೆ ತವರ ಬಳಿದ ತಾಮ್ರ. ಬೆಸುಗೆ ಮಾತ್ರ ಎಷ್ಟು ನಯವಾಗಿತ್ತೆಂದರೆ ಬೆರಳಿಗೆ ಗಂಟೇ ಸಿಗುತ್ತಿರಲಿಲ್ಲ. “ಇದು ಸಾರ್ ಕೈ ಕೆಲಸ” ಎಂದರು. ಆಮೇಲೆ ಸ್ವಲ್ಪ ತಡೆದು, “ಈ ವೈರು ಮಾರ್ಕೆಟ್ಟಿಂದಲ್ಲ, ಗಣಿಯದು. ನಾವು ಕೆಳಗೆ ಬೆಲ್ಲಿಗೆ ಹಾಕ್ತಿದ್ದದ್ದು” ಎಂದರು.

ನನಗೆ ಮುಖ ಬಿಸಿಯಾಯಿತು. ಗಣಿಯ ಗೇಟಿನಲ್ಲಿ ಪ್ರತಿ ಪಾಳಿಯ ಕೊನೆಗೂ ಮೈ ತಡವಿ ಬಿಡುತ್ತಿದ್ದ ಊರು ನಮ್ಮದು. ‘ನನ್ನನ್ನು ತಡವಿದವರಿಗೆ ಒಂದು ಮೊಳೆಯೂ ಸಿಕ್ಕಿಲ್ಲ’ ಎಂಬುದು ಅಪ್ಪನ ಹೆಮ್ಮೆಯ ಮಾತು. ಎಂಟು ವರ್ಷದವಳಾಗಿದ್ದಾಗ ಅವರ ಜೇಬಿನಲ್ಲಿ ಮರೆತು ಬಂದಿದ್ದ ಕಂಪನಿಯ ಪೆನ್ಸಿಲಿನಲ್ಲಿ ನಾನು ಚಿತ್ರ ಬರೆದಿದ್ದಕ್ಕೆ, ಮರುದಿನ ಅದನ್ನು ಹಿಂತಿರುಗಿಸಿ ಬಂದವರು ಅವರು. ಅಂಥವರ ಕಾರಿನಲ್ಲಿ ಮೂರು ಮೊಳ ಗಣಿಯ ತಂತಿ!

ವೈರ್‌ಮನ್ ನನ್ನ ಮುಖ ನೋಡಿದರು. “ಹಳೇ ವೈರು ಹರಾಜಲ್ಲೂ ಸಿಗ್ತಿತ್ತಮ್ಮ” ಎಂದರು. ಹೌದೋ ಅಲ್ಲವೋ, ಸಮಾಧಾನಕ್ಕೆ ಹೇಳಿದರೋ, ನಾನು ಕೆದಕಲಿಲ್ಲ. ಅಪ್ಪನನ್ನು ಕೇಳುವಂತಿರಲಿಲ್ಲ. ಇಡೀ ಕಟ್ಟಿನಲ್ಲಿ ಹೊದಿಕೆ ಒಡೆಯದೆ ಮೆತ್ತಗೆ ಉಳಿದಿದ್ದದ್ದು ಅದೊಂದೇ ತುಂಡು. “ಮತ್ತೆ ಹಾಕೋಣವಾ?” ಎಂದು ಕೇಳಿದರು. ಬೇಡವೆಂದೆ. ಅದನ್ನು ಸುರುಳಿ ಸುತ್ತಿ ಅಪ್ಪನ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಕಳವಿನ ಮಾಲೋ, ಹರಾಜಿನದೋ, ಗಣಿಯೊಳಗಿನ ವಸ್ತುವೆಂದು ನಮ್ಮ ಮನೆಯಲ್ಲಿ ಇರುವುದು ಅದೊಂದೇ.

ಏಕೆಂದರೆ ಉಳಿದದ್ದೆಲ್ಲ ಹೋಯಿತು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳದ ಗಣಿ. ಅಷ್ಟು ಆಳದವರೆಗೆ ತಂತಿ ಇಳಿದಿತ್ತು, ದೀಪವಿತ್ತು, ಗಂಟೆಯಿತ್ತು, ನೀರೆತ್ತುವ ಪಂಪುಗಳಿದ್ದವು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಯಾವ ಮಟ್ಟದಲ್ಲಿ ಯಾವ ಸ್ವಿಚ್ಚು, ಯಾವ ಕೇಬಲಿನ ಮೇಲೆ ಮಳೆಗಾಲದಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಎಲ್ಲಿ ಮುಟ್ಟುವ ಮುಂಚೆ ಎರಡು ಸಲ ನೋಡಬೇಕು ಎಂಬುದನ್ನು ಬಲ್ಲವರು ಮೇಲೆ ಬಂದು ಚದುರಿಹೋದರು. ಕೆಲವರು ಕಾವಲುಗಾರರಾದರು, ಕೆಲವರು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೊರಟರು. ಹಾಗೆ ಹೋಗಿಬರುವ ಅವರ ಮಕ್ಕಳು ಈಗಲೂ ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಸಿಗುತ್ತಾರೆ, ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು. ಒಂದು ಕಾರಿನ ತಂತಿಗೆ ನಾವು ಚೀಟಿ ಕಟ್ಟಿದೆವು. ಆ ಗಣಿಯ ತಂತಿಗೆ ಚೀಟಿ ಕಟ್ಟಿದವರನ್ನು ನಾನು ಕಾಣಲಿಲ್ಲ.

ಹೊಸ ತಂತಿಯನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆವು. ಈಗಿನದಕ್ಕೆ ಪ್ಲಾಸ್ಟಿಕ್ ಹೊದಿಕೆ, ಆದರೆ ಬಣ್ಣದ ಕ್ರಮ ತಪ್ಪಿಸಲಿಲ್ಲ. ಹಳೆಯ ಕಟ್ಟಿನ ಪಕ್ಕದಲ್ಲೇ, ಸೀಮೆಸುಣ್ಣದ ಗೆರೆಯ ಮೇಲೆ, ಒಂದೊಂದಾಗಿ ಅಳೆದು ಮಲಗಿಸಿ, ಹತ್ತಿಯ ಪಟ್ಟಿ ಸುತ್ತಿ ಕಾರಿಗೆ ಏರಿಸಿದರು. ಡೈನಮೋದ ಫೀಲ್ಡ್ ತುದಿಗೆ ಒಂದು ಕ್ಷಣ ತಂತಿ ಮುಟ್ಟಿಸಿ ಅದಕ್ಕೆ ಸರಿಯಾದ ದಿಕ್ಕು ಕೊಟ್ಟರು. ಕೊನೆಗೆ ಬ್ಯಾಟರಿಯನ್ನು ನೇರವಾಗಿ ಜೋಡಿಸದೆ, ನಡುವೆ ಒಂದು ಬಲ್ಬು ಇಟ್ಟರು. ಒಳಗೆ ಎಲ್ಲಾದರೂ ತಂತಿ ಮೈಗೆ ತಾಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸರಿಯಿದ್ದರೆ ಉರಿಯುವುದಿಲ್ಲ. “ದೀಪ ಹತ್ತಬಾರದು ಅಂತ ಕಾಯೋದು ಇದೊಂದೇ ಕಡೆ” ಎಂದು ನಕ್ಕರು. ಹತ್ತಲಿಲ್ಲ.

ತಮ್ಮ ಕೀಲಿ ತಿರುಗಿಸಿ ಸ್ವಿಚ್ಚು ಒತ್ತಿದ. ಎಡಗೈ ಚಾಚಿತು, ಇಳಿಯಿತು. ಬಲಗೈ ಅರ್ಧಕ್ಕೆ ನಿಂತಿತು, ಒಂದು ತೊಟ್ಟು ಎಣ್ಣೆ ಬಿಟ್ಟ ಮೇಲೆ ಅದೂ ಎದ್ದಿತು. ಬೀದಿಯಲ್ಲಿದ್ದ ಮೂರು ಹುಡುಗರು ‘ಇನ್ನೊಂದ್ ಸಲ ಅಂಕಲ್’ ಎಂದರು.

ಅಂದು ವೈರ್‌ಮನ್ ಹೊರಡುವಾಗ ಕೂಲಿಯ ಜೊತೆಗೆ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಕೊಟ್ಟೆ. ಗಣಿಯೊಳಗೆ ತಾವು ಎಳೆದ ತಂತಿ, ಇಟ್ಟ ಸ್ವಿಚ್ಚು, ನೆನಪಿದ್ದಷ್ಟು ಬರೆಯಿರಿ ಎಂದೆ. “ನನಗೆ ಕನ್ನಡ ಬರೆಯೋಕೆ ಬರಲ್ಲ ಟೀಚರಮ್ಮ” ಎಂದರು. ತಮಿಳಿನಲ್ಲಿ ಬರೆಯಿರಿ, ಚಿತ್ರ ಬರೆಯಿರಿ, ನಾನು ಓದಿಸಿಕೊಳ್ಳುತ್ತೇನೆ ಎಂದೆ. ಎರಡು ತಿಂಗಳು ಸುದ್ದಿಯಿರಲಿಲ್ಲ. ಸಂಕ್ರಾಂತಿಯ ಮರುದಿನ ಪುಸ್ತಕ ಹಿಡಿದು ಬಂದರು. ಹದಿನಾಲ್ಕು ಪುಟ ತುಂಬಿತ್ತು. ಮೊದಲ ಪುಟದಲ್ಲಿ ಶಾಫ್ಟಿನ ಬಾಯಿ, ಅಲ್ಲಿಂದ ಕೆಳಗೆ ಇಳಿಯುವ ಒಂದು ಉದ್ದ ಗೆರೆ, ಗೆರೆಯ ಪಕ್ಕದಲ್ಲಿ ಪುಟ್ಟ ಗಂಟೆಗಳು. ಕೆಲವು ಕಡೆ ಗೆರೆ ಅಳಿಸಿ ಮತ್ತೆ ಎಳೆದಿದ್ದರು. “ಇಲ್ಲಿ ಸರಿಯಾಗಿ ನೆನಪಿಲ್ಲ. ಇನ್ನೊಬ್ಬರಿದ್ದಾರೆ, ಆಂಡರ್ಸನ್‌ಪೇಟೆಯಲ್ಲಿ. ಅವರನ್ನ ಕೇಳಿ ಬರೀತೀನಿ” ಎಂದು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು.