ಕರುಳು ಚುರುಕ್ಕೆಂದ ಮೇಲೆ

1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಬೆಂಗಳೂರಿನ ಒಂದು ಚಿತ್ರ ಅಚ್ಚಾಯಿತು. ಬರ ಪರಿಹಾರಕ್ಕಾಗಿ ಕಾದು ಕೂತ ಜನ, ಎಲುಬು ಎಣಿಸಬಹುದಾದ ಮೈಗಳು. ಧಾತು–ಈಶ್ವರ ಸಂವತ್ಸರಗಳ ಬರ ಅದು. ಮೈಸೂರು ಸೀಮೆಯಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರನ್ನು ಒಯ್ದಿತೆಂದು ಲೆಕ್ಕ. ಫೋಟೊವನ್ನು ನೇರವಾಗಿ ಅಚ್ಚು ಹಾಕುವ ವಿದ್ಯೆ ಪತ್ರಿಕೆಗಳಿಗೆ ಇನ್ನೂ ಸಿದ್ಧಿಸಿರಲಿಲ್ಲ, ಹಲಗೆಯ ಮೇಲೆ ಕೆತ್ತಿಯೇ ಒತ್ತಬೇಕಿತ್ತು. ಕೆತ್ತುವವನ ಉಳಿ ಹಸಿವನ್ನು ಒಂದಿಷ್ಟು ನಯ ಮಾಡಿಯೇ ಲಂಡನ್ನಿನ ಓದುಗರ ಮುಂದಿಟ್ಟಿತು.

ಆ ಆಗಸ್ಟಿನಲ್ಲಷ್ಟೇ ಮದ್ರಾಸಿನ ಗವರ್ನರು ಲಂಡನ್ನಿಗೆ ಮೊರೆಯಿಟ್ಟಿದ್ದರು. ಮ್ಯಾನ್ಶನ್ ಹೌಸ್ ನಿಧಿಗೆ ಆರು ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೂಡಿತು. ಇಂಥ ಚಿತ್ರ ನೋಡಿದವರ ಒಳಗೆ ಏನಾಯಿತು ಎಂದು ಯಾರೂ ಅಳೆಯಲಿಲ್ಲ. ನಿಧಿಗೆ ಎಷ್ಟು ಬಂತು ಎಂಬುದನ್ನು ಅಳೆದರು. ನೋವಿನ ಚಿತ್ರ ನೋಡಿದವರಿಗೆ ಏನಾಗುತ್ತದೆ ಎಂಬುದರ ಅಧ್ಯಯನದ ಮೊದಲ ಅಳತೆಗೋಲು ಅದೇ ಎನ್ನಬೇಕು, ಮತ್ತು ಅದೇನು ಕೆಟ್ಟ ಅಳತೆಗೋಲಲ್ಲ. ಅದೇ ಬರದಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಹಸಿದವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. 1886ರಲ್ಲಿ ಬರ್ಮಾದಲ್ಲಿ ಕೈದಿಗಳಿಗೆ ಗುಂಡು ಹಾರಿಸುವ ಗಳಿಗೆಯನ್ನೇ ಹಿಡಿಯಲು ಹೋದಾಗ ಗಲಾಟೆ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಮುಟ್ಟಿತು. ನೋಡುವವನ ಮರುಕದ ಜೊತೆಗೇ ತೆಗೆಯುವವನ ಮೇಲಿನ ಸಿಟ್ಟೂ ಹುಟ್ಟಿದ್ದು ಹೀಗೆ.

ಚಿತ್ರ ತೋರಿಸಿ ಮನಸ್ಸನ್ನು ಅಳೆಯುವ ಕೆಲಸ ಬಹಳ ಈಚಿನದು. ಆದರೆ ನೋವನ್ನು ನೋಡಿದವನಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸಕರು ಎಂದೋ ಕೈಗೆತ್ತಿಕೊಂಡಿದ್ದರು. ರಂಗದ ಮೇಲಿನ ಶೋಕ ನೋಡುವವನಲ್ಲಿ ಕರುಣವಾಗುತ್ತದೆ, ಜುಗುಪ್ಸೆ ಬೀಭತ್ಸವಾಗುತ್ತದೆ. ಆ ದುಃಖ ಯಾರೊಬ್ಬರದೂ ಅಲ್ಲದೆ ಎಲ್ಲರದೂ ಆಗುವ ಸಾಧಾರಣೀಕರಣದಿಂದ ಹಾಗಾಗುತ್ತದೆ ಎಂದ ಭಟ್ಟನಾಯಕ. ಪ್ರೇಕ್ಷಕ ತನ್ನದೇ ಸುಖದುಃಖಕ್ಕೆ ವಶನಾಗಿ ಕೂತಿದ್ದರೆ ಅದು ರಸಕ್ಕೆ ವಿಘ್ನ ಎಂದ ಅಭಿನವಗುಪ್ತ. ಸುದ್ದಿಚಿತ್ರ ಈ ವ್ಯವಸ್ಥೆಯನ್ನೇ ಬುಡಮೇಲು ಮಾಡುತ್ತದೆ. ಅಲ್ಲಿ ಬಿದ್ದ ಹೆಣಕ್ಕೆ ಹೆಸರಿದೆ, ಊರಿದೆ. ‘ನಮ್ಮ ಹುಡುಗನೂ ಅಲ್ಲೇ ಹೋಗಿದ್ದನಲ್ಲ’ ಎಂಬ ಸ್ವಂತದ ದಿಗಿಲಿನ ಬಾಗಿಲಿಂದಲೇ ಚಿತ್ರ ಒಳಗೆ ಬರುತ್ತದೆ. ನಾಟಕಕ್ಕೆ ಯಾವುದು ವಿಘ್ನವೋ ಸುದ್ದಿಗೆ ಅದೇ ದಾರಿ.

ನನಗೆ ಇದು ತಿಳಿದದ್ದು 1990ರ ಫೆಬ್ರುವರಿ 14ರಂದು. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿದ್ದು ಉರಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಹಲಸೂರಿನಿಂದ ಸೈಕಲ್ ಹತ್ತಿ ಹೊರಟ ಹುಡುಗರ ಗುಂಪಿನಲ್ಲಿ ನಾನೂ ಇದ್ದೆ. ದೊಮ್ಮಲೂರು ದಾಟುವ ಮೊದಲೇ ಪೊಲೀಸರು ಲಾಠಿ ತೋರಿಸಿ ವಾಪಸು ಅಟ್ಟಿದರು. ದೂರದ ಹೊಗೆ ಬಿಟ್ಟರೆ ನಾವು ಏನನ್ನೂ ನೋಡಲಿಲ್ಲ. ನೋಡಿದ್ದು ಮರುದಿನ ಪೇಪರಿನಲ್ಲಿ, ಕಪ್ಪು ಬಿಳುಪಿನಲ್ಲಿ. ಹೋಗುವಾಗ ಇದ್ದ ಕುತೂಹಲ ಪೇಪರ್ ನೋಡಿದಾಗ ಇರಲಿಲ್ಲ. ಅಮ್ಮ ಆ ಪೇಪರನ್ನು ಬೋರಲು ಹಾಕಿ ಅದರ ಮೇಲೆ ಅಕ್ಕಿ ಆರಿಸುವ ಮೊರ ಇಟ್ಟಳು. ಆ ಕಾಲದಲ್ಲಿ ಚಿತ್ರವೆಂದರೆ ದಿನಕ್ಕೊಂದು ಸಲ ಬರುವ ವಸ್ತು. 1948ರಿಂದ ಎಂ.ಜಿ. ರಸ್ತೆಯಿಂದ ಹೊರಡುತ್ತಿದ್ದ ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ಗಳಲ್ಲಿ ಯಾವುದು ಹೋಗಬೇಕು, ಯಾವುದು ಡ್ರಾಯರಿನಲ್ಲೇ ಉಳಿಯಬೇಕು ಎಂದು ರಾತ್ರಿ ಪಾಳಿಯವರು ತೀರ್ಮಾನಿಸುತ್ತಿದ್ದರು. ಸಂಜೆ ದೂರದರ್ಶನದ ವಾರ್ತೆ. ಬೋರಲು ಹಾಕಿದರೆ ಮುಗಿಯಿತು.

ಪ್ರಯೋಗಾಲಯದ ಕೆಲಸ ನೆಲೆಗೊಂಡದ್ದೂ ಹೆಚ್ಚುಕಡಿಮೆ ಆ ವರ್ಷಗಳಲ್ಲೇ. ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಲ್ಯಾಂಗ್ ಮತ್ತು ಸಂಗಡಿಗರು ನೂರಾರು ಚಿತ್ರಗಳ ಒಂದು ಭಂಡಾರ ಕಟ್ಟಿದರು. ಹೂವು, ಮಗು, ಹಾವು, ಗಾಯಗೊಂಡ ದೇಹ, ಎಲ್ಲವೂ ಅದರಲ್ಲಿದ್ದವು. ಪ್ರತಿಯೊಂದಕ್ಕೂ ಮುಖ್ಯವಾಗಿ ಎರಡು ಅಂಕ: ಎಷ್ಟು ಹಿತ, ಎಷ್ಟು ಕಲಕು. ಕುತೂಹಲದ ಸಂಗತಿ ಹೃದಯದ್ದು. ಭೀಕರ ಚಿತ್ರ ಕಂಡೊಡನೆ ಎದೆ ಝಲ್ಲೆಂದಿತು, ಡವಡವ ಹೊಡೆದುಕೊಂಡಿತು ಎನ್ನುತ್ತೇವೆ. ಅಳೆದು ನೋಡಿದರೆ ಅಂಗೈ ಬೆವರುತ್ತದೆ ನಿಜ, ಆದರೆ ಎದೆಬಡಿತ ಆ ಮೊದಲ ಕ್ಷಣಗಳಲ್ಲಿ ನಿಧಾನವಾಗುತ್ತದೆ. ಪೊದೆಯಲ್ಲಿ ಸದ್ದಾದಾಗ ಮೊಲ ನಿಂತಲ್ಲೇ ನಿಲ್ಲುವ ಹಾಗೆ ದೇಹ ಮೊದಲು ಗಮನಿಸುತ್ತದೆ, ಆಮೇಲೆ ಓಡುತ್ತದೆ. ‘ನೋಡೋಕಾಗಲ್ಲಪ್ಪ’ ಎನ್ನುತ್ತಲೇ ನೋಡುತ್ತ ನಿಲ್ಲುವ ನಮ್ಮ ಗುಣವನ್ನು ಕೆಟ್ಟ ಚಪಲವೆಂದು ಬೈಯುವವರು ಇದನ್ನು ಒಮ್ಮೆ ನೆನೆಯಬೇಕು.

ಎರಡೇ ಅಂಕಗಳಲ್ಲಿ ಎಲ್ಲವನ್ನೂ ಹಿಡಿಯಬಹುದೆಂಬ ನಂಬಿಕೆ ಮಾತ್ರ ನನಗಿಲ್ಲ. ಕನ್ನಡದಲ್ಲಿ ಕರುಳು ಚುರುಕ್ಕೆನ್ನುವುದು ಬೇರೆ, ಹೊಟ್ಟೆ ಉರಿಯುವುದು ಬೇರೆ, ಎದೆ ಒಡೆಯುವುದು ಬೇರೆ. ಮೊದಲನೆಯದು ಮರುಕ, ಎರಡನೆಯದರಲ್ಲಿ ಸಿಟ್ಟು ಬೆರೆತಿದೆ, ಮೂರನೆಯದು ಸ್ವಂತ ನಷ್ಟ. ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಕಡೆ ಹೋದರೆ ಇನ್ನಷ್ಟು ಸಿಗುತ್ತವೆ. ಹಲಸೂರಿನ ತಮಿಳು ಅಜ್ಜಿಯ ‘ಪಾವಂ’ ನಮ್ಮ ‘ಪಾಪ’ದ ಒಡಹುಟ್ಟು. ಶಿವಾಜಿನಗರದ ದಖನಿಯಲ್ಲಿ ‘ಬೇಚಾರಾ’.

ಚಿತ್ರಗಳು ಹೆಚ್ಚಾದಷ್ಟೂ ಮನಸ್ಸು ಜಡ್ಡುಗಟ್ಟುತ್ತದೆ ಎಂಬ ವಾದವೂ ಈ ಅಳತೆಯ ಕೆಲಸದ ಜೊತೆಜೊತೆಗೇ ಬೆಳೆಯಿತು. ಸೂಸನ್ ಸೊಂಟಾಗ್ 1977ರಲ್ಲಿ ಹಾಗೆ ಬರೆದು, 2003ರ ಹೊತ್ತಿಗೆ ತಮ್ಮ ಮಾತನ್ನೇ ಅನುಮಾನಿಸಿದರು. 1999ರಲ್ಲಿ ಸೂಸನ್ ಮೊಲರ್ ‘ಕಂಪ್ಯಾಶನ್ ಫಟೀಗ್’ ಪುಸ್ತಕದಲ್ಲಿ ಮರುಕ ದಣಿಯುವುದಕ್ಕೆ ಮಾಧ್ಯಮಗಳು ಸುದ್ದಿ ಕೊಡುವ ರೀತಿಯನ್ನೇ ದೂರಿದರು. ಇತ್ತ ನಮ್ಮ ನಿಮ್ಹಾನ್ಸ್ ತಜ್ಞರು 1984ರ ಭೋಪಾಲ್ ದುರಂತದ ನಂತರ ಅಲ್ಲಿನ ವೈದ್ಯರಿಗೆ ತರಬೇತಿ ಕೊಟ್ಟು, ದುರಂತದಲ್ಲಿ ಸಿಕ್ಕವರ ಮನಸ್ಸಿನ ಬಗ್ಗೆ ಈ ದೇಶದ ಮೊದಮೊದಲ ವ್ಯವಸ್ಥಿತ ಕೆಲಸ ಮಾಡಿದರು. ಮನೆಯಲ್ಲಿ ಕೂತು ನೋಡಿದವರು ಆ ಲೆಕ್ಕದಲ್ಲಿರಲಿಲ್ಲ.

ಅವರನ್ನು ಲೆಕ್ಕಕ್ಕೆ ತಂದದ್ದು 2001ರ ಸೆಪ್ಟೆಂಬರ್ 11. ನ್ಯೂಯಾರ್ಕಿನಿಂದ ಸಾವಿರಾರು ಮೈಲಿ ದೂರವಿದ್ದವರಲ್ಲೂ ಆತಂಕದ ಲಕ್ಷಣಗಳು ಕಂಡವು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಮೂವರು 4,675 ಜನರನ್ನು ಕೇಳಿದರು. ದಿನಕ್ಕೆ ಆರು ಗಂಟೆಗೂ ಹೆಚ್ಚು ಹೊತ್ತು ಆ ಸುದ್ದಿಯಲ್ಲಿ ಮುಳುಗಿದ್ದವರ ತಳಮಳ, ಸ್ಫೋಟದ ಜಾಗದಲ್ಲೇ ಇದ್ದವರ ತಳಮಳಕ್ಕಿಂತ ಹೆಚ್ಚಿತ್ತು. ಮೊದಲೇ ಆತಂಕದ ಸ್ವಭಾವದವರು ಹೆಚ್ಚು ಟಿವಿ ನೋಡುತ್ತಾರೋ, ಟಿವಿ ನೋಡಿ ಆತಂಕವೋ ಎಂಬ ಎಳೆದಾಟ ಪೂರ್ತಿ ಬಗೆಹರಿದಿಲ್ಲ. ಎರಡೂ ಒಂದನ್ನೊಂದು ಸುತ್ತುತ್ತವೆ ಎಂದು ಅದೇ ತಂಡದ ಮುಂದಿನ ಕೆಲಸ ಸೂಚಿಸುತ್ತದೆ. ಅದೇ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ, ಕೆಲಸದ ನಿಮಿತ್ತ ನೋಡಿದ್ದಲ್ಲದಿದ್ದರೆ ಪರದೆಯಲ್ಲಿ ಕಂಡದ್ದನ್ನು ಆಘಾತವೆಂದು ಪರಿಗಣಿಸುವಂತಿಲ್ಲ ಎಂದು ಗೆರೆ ಎಳೆಯಿತು.

ಅಷ್ಟರಲ್ಲಿ ಇಲ್ಲಿ 24 ಗಂಟೆಯ ಕನ್ನಡ ಸುದ್ದಿ ಬಂದಿತ್ತು. 2006ರ ಕೊನೆಯಲ್ಲಿ ಟಿವಿ9 ಬಂತು, ಆಮೇಲೆ ಇನ್ನೂ ಹಲವು ಚಾನೆಲ್‌ಗಳು. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. ಹೊಗೆ ತಾಳಲಾರದೆ ಮೇಲಿನ ಕಿಟಕಿಗಳಿಂದ ಜನ ಜಿಗಿದರು, ಒಂಬತ್ತು ಮಂದಿ ಸತ್ತರು. ಜಿಗಿಯುವ ಆ ದೃಶ್ಯ ಮತ್ತೆ ಮತ್ತೆ ಬಂತು. ಬೀಳುವವನು ಬಿದ್ದು ಮುಗಿಯುವುದಿಲ್ಲ, ಮತ್ತೆ ಕಿಟಕಿಗೆ ಬಂದು ನಿಲ್ಲುತ್ತಾನೆ. ಸತ್ತವರ ಮನೆಯವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿಸುರಕ್ಷತೆಯ ಹಿಂದೆ ಬಿದ್ದರು. ಉಳಿದ ನಾವು ಕೆಲವು ದಿನ ಲಿಫ್ಟ್ ಹತ್ತುವಾಗ ಮೆಟ್ಟಿಲು ಎಲ್ಲಿದೆ ಎಂದು ಹುಡುಕಿದೆವು.

2013ರ ನವೆಂಬರ್ 19ರಂದು ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ನಡೆದ ಹಲ್ಲೆಯ ಸಿಸಿಟಿವಿ ದೃಶ್ಯ ಇನ್ನೊಂದು ಬಗೆಯದು. ಅದಕ್ಕೆ ಸದ್ದಿಲ್ಲ, ಛಾಯಾಗ್ರಾಹಕನಿಲ್ಲ. ಒಬ್ಬ ಒಳಬಂದು ಷಟರ್ ಎಳೆಯುತ್ತಾನೆ, ಅಷ್ಟೇ ಸಾಕು. ಅದು ಹುಟ್ಟಿಸಿದ್ದು ಮರುಕಕ್ಕಿಂತ ಭಯ. ಇಂದಿರಾನಗರದ ನಮ್ಮ ಕಚೇರಿಯ ಹೆಂಗಸರು ತಿಂಗಳುಗಟ್ಟಲೆ ಇಬ್ಬಿಬ್ಬರಾಗಿ ದುಡ್ಡು ತೆಗೆಯಲು ಹೋಗುತ್ತಿದ್ದರು, ಒಬ್ಬಳು ಬಾಗಿಲಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಕಾವಲುಗಾರರಿಲ್ಲದ ಎಟಿಎಂಗಳನ್ನು ಪೊಲೀಸರು ಮುಚ್ಚಿಸಿದರು. ಆರೋಪಿ ಸಿಕ್ಕಿದ್ದು 2017ರಲ್ಲಿ.

ಆದರೆ ಈ ಊರಿನ ನಿಜವಾದ ಪಾಠ ಇರುವುದು ಫೋನಿನಲ್ಲಿ. 2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಎರಡು ಮೂರು ದಿನಗಳಲ್ಲಿ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಸಲೂನು, ಹೋಟೆಲು, ಸೆಕ್ಯುರಿಟಿ ಕೆಲಸದವರು, ವಿದ್ಯಾರ್ಥಿಗಳು. ಎಲ್ಲೋ ಚಂಡಮಾರುತದಲ್ಲಿ, ಭೂಕಂಪದಲ್ಲಿ ಸತ್ತವರ ಚಿತ್ರಗಳನ್ನು ಬರ್ಮಾದ ಹಿಂಸಾಚಾರದ್ದೆಂದು ಹರಡಿದ್ದರು, ಅದರ ಸೇಡು ನಿಮ್ಮ ಮೇಲೆ ಎಂಬ ಎಸ್ಸೆಮ್ಮೆಸ್ಸು ಬೆನ್ನಿಗೇ ಬಂತು. ಚಿತ್ರ ಸುಳ್ಳು, ಭಯ ನಿಜ, ರೈಲು ನಿಜ. ಐದಕ್ಕಿಂತ ಹೆಚ್ಚು ಮಂದಿಗೆ ಒಟ್ಟಾಗಿ ಸಂದೇಶ ಕಳಿಸಬಾರದೆಂದು ಕೇಂದ್ರ ಸರ್ಕಾರ ಹದಿನೈದು ದಿನಕ್ಕೆಂದು ಕಟ್ಟುಹಾಕಿತು.

ಆರು ವರ್ಷದ ನಂತರ ವಾಟ್ಸ್ಯಾಪ್. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕೆಂದು ಮಾಡಿದ ವಿಡಿಯೊ ಅದು. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗಿ, ಕೊನೆಗೆ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು. ಉಳಿದ ತುಂಡು ಕೆ.ಆರ್. ಪುರದ ನಮ್ಮ ಬೀದಿಯ ಗುಂಪಿಗೂ ಬಂತು, ‘ಎಲ್ಲಾ ಅಕ್ಕಂದಿರೂ ಹುಷಾರಾಗಿರಿ’ ಎಂಬ ಸಾಲಿನೊಡನೆ. ಪಕ್ಕದ ಮನೆಯ ಆಂಟಿ ಮೊಮ್ಮಗನನ್ನು ಗೇಟಿನೊಳಗೇ ಆಡಿಸತೊಡಗಿದರು. ಬಟ್ಟೆ ಗಂಟು ಹೊತ್ತು ಬರುತ್ತಿದ್ದ ಪರಊರಿನವನನ್ನು ‘ಯಾರಯ್ಯಾ ನೀನು, ಆಧಾರ್ ತೋರಿಸು’ ಎಂದು ತಡೆದವರೂ ಒಳ್ಳೆಯ ಜನವೇ. 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಲು ಬಿಟ್ಟಿತು. ಎರಡು ಸಲವೂ ಸಿಕ್ಕ ಮದ್ದು ಐದೇ. ಐದರಲ್ಲಿ ಏನು ಮಹಿಮೆಯೋ ಕಾಣೆ.

ನನ್ನ ಎಣಿಕೆ ಇಷ್ಟು: ಚಿತ್ರ ನೋಡಿದ ಕರುಳು ಕೈಗೆ ಕೆಲಸ ಕೇಳುತ್ತದೆ. ಹಣ ಹಾಕುವ ಪೆಟ್ಟಿಗೆ ಹತ್ತಿರವಿದ್ದರೆ ಹಾಕುತ್ತದೆ. ಟರ್ಕಿಯ ಕಡಲತಡಿಯಲ್ಲಿ ಮಕಾಡೆ ಬಿದ್ದಿದ್ದ ಸಿರಿಯಾದ ಮಗುವಿನ 2015ರ ಚಿತ್ರದ ನಂತರ ಸ್ವೀಡನ್ನಿನ ರೆಡ್ ಕ್ರಾಸ್ ನಿಧಿಗೆ ದಿನವೂ ಬರುತ್ತಿದ್ದ ಕೊಡುಗೆಗಳು ನೂರು ಪಟ್ಟು ಮೀರಿದವು, ಆರು ವಾರಗಳಲ್ಲಿ ಇಳಿದೂ ಹೋದವು ಎಂದು ಪಾಲ್ ಸ್ಲೋವಿಕ್ ಮತ್ತಿತರರು ಲೆಕ್ಕ ಕೊಟ್ಟಿದ್ದಾರೆ. ಪೆಟ್ಟಿಗೆ ಇಲ್ಲದಿದ್ದಾಗ ಕೈ ಫಾರ್ವರ್ಡ್ ಒತ್ತುತ್ತದೆ, ಕಲ್ಲು ಹುಡುಕುತ್ತದೆ, ಇಲ್ಲವೇ ಕ್ಯಾಮೆರಾ ಎತ್ತುತ್ತದೆ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕ ಹುಡುಗ ಸಹಾಯಕ್ಕೆ ಅಂಗಲಾಚುತ್ತಿದ್ದಾಗ ಸುತ್ತ ನಿಂತವರ ಕೈಯಲ್ಲಿ ಫೋನಿತ್ತು. ಅದರ ಹಿಂದಿನ ವರ್ಷವಷ್ಟೇ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದ ಯುವಕ ಹರೀಶ್ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡು ತೀರಿಹೋಗಿದ್ದ. ಆ ಸುದ್ದಿ ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆಗೆ ಹೆಸರು ಕೊಟ್ಟಿತು. ಒಂದೇ ರಾಜ್ಯ, ಹೆಚ್ಚುಕಡಿಮೆ ಅದೇ ಜನ.

ಆಯ್ದು, ಕತ್ತರಿಸಿ, ಮಸುಕು ಮಾಡುವವರ ಪಾಡು ತಡವಾಗಿ ಲೆಕ್ಕಕ್ಕೆ ಬಂತು. ಸಾರ್ವಜನಿಕರು ಕಳಿಸುವ ಹಿಂಸೆಯ ದೃಶ್ಯಗಳನ್ನು ಎಷ್ಟು ಬಾರಿ ನೋಡಬೇಕಾಗುತ್ತದೋ ಅಷ್ಟೂ ಆತಂಕ, ಖಿನ್ನತೆ ಹೆಚ್ಚು ಎಂದು ಕೆನಡಾದ ಆಂಟನಿ ಫೈನ್‌ಸ್ಟೈನ್ 2014ರಲ್ಲಿ ತೋರಿಸಿದರು. ರಕ್ತ, ಹೆಣಗಳನ್ನು ಹಸಿಯಾಗಿ ತೋರಿಸಬೇಡಿ ಎಂದು 2023ರ ಜನವರಿಯಲ್ಲಿ ಕೇಂದ್ರ ಸಚಿವಾಲಯ ಚಾನೆಲ್‌ಗಳಿಗೆ ಸೂಚಿಸಿತು. ಅದನ್ನು ತೋರಿಸದಿರಲು ಯಾರೋ ಒಬ್ಬರು ಪೂರ್ತಿ ನೋಡಲೇಬೇಕಲ್ಲ, ಅವರ ಮಾತು ಆ ಸೂಚನೆಯಲ್ಲಿಲ್ಲ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಗಾಯಾಳುಗಳನ್ನು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೂ ಒಯ್ದರು. ಎಲ್ಲರ ಮನಸ್ಸಿನಲ್ಲಿ ನಿಂತ ಚಿತ್ರದಲ್ಲಿ ರಕ್ತವಿರಲಿಲ್ಲ. ಗೇಟಿನ ಬಳಿ ರಾಶಿಬಿದ್ದ ಚಪ್ಪಲಿ, ಶೂಗಳಿದ್ದವು. ನಾಲ್ಕೈದು ದಿನ ಕಳೆದು ಹಲಸೂರು ಕೆರೆಯ ಹತ್ತಿರದ ಬಜ್ಜಿ ಗಾಡಿಯ ಮುಂದೆ ನಿಂತಿದ್ದೆ. ಹಳೇ ಪೇಪರ್ ಹರಿದು ಬಜ್ಜಿ ಕಟ್ಟುತ್ತಿದ್ದವನು ಒಂದು ಹಾಳೆ ಎತ್ತಿ, ನೋಡಿ, ಪಕ್ಕಕ್ಕಿಟ್ಟು ಇನ್ನೊಂದು ತೆಗೆದ. ಆ ಹಾಳೆಯಲ್ಲಿ ಸತ್ತವರ ಪಾಸ್‌ಪೋರ್ಟ್ ಅಳತೆಯ ಫೋಟೊಗಳಿದ್ದವು. ಏನಪ್ಪಾ ಎಂದೆ. ‘ಇದರಲ್ಲಿ ಹೆಂಗೆ ಕಟ್ಟಲಿ ಸಾರ್, ಎಣ್ಣೆ ಆಗೋಗುತ್ತೆ’ ಎಂದ. ಅಂಥ ಹಾಳೆಗಳು ಅವನ ಸ್ಟವ್ವಿನ ಕೆಳಗಿನ ಹಲಗೆಯ ಮೇಲೆ ಏಳೆಂಟಾಗಿದ್ದವು, ನೀಟಾಗಿ ಮಡಿಸಿ, ಮೇಲೊಂದು ತೂಕದ ಕಲ್ಲು ಇಟ್ಟು.