ನಾಡಿ ಹಿಡಿದವರ ಕಥೆ

ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಕ್ರಮವಾಗಿ ದಾಟುತ್ತದೆ. ಮುಂದಿನ ನಿಲ್ದಾಣದ ಒಪ್ಪಿಗೆಯಿಲ್ಲದೆ ಗಾಡಿ ಕದಲುವಂತಿಲ್ಲ. ಹೃದಯದೊಳಗೂ ಇಂಥದೊಂದು ದಾರಿಯಿದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟುವ ವಿದ್ಯುತ್ ಪ್ರಚೋದನೆಯು ನಡುವಿನ ಗಂಟಿನಲ್ಲಿ ಕ್ಷಣಮಾತ್ರ ತಡೆದು, ಬಳಿಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ನಡುದಾರಿ ಪೂರ್ತಿ ಮುಚ್ಚಿದರೆ ಕುಕ್ಷಿಗಳು ನಿಮಿಷಕ್ಕೆ 30–40 ಬಾರಿ ಮಾತ್ರ, ತಮ್ಮದೇ ಮಂದಗತಿಯಲ್ಲಿ ಮಿಡಿಯತೊಡಗುತ್ತವೆ. ಮಿದುಳಿಗೆ ರಕ್ತ ಸಾಲದೆ ಮನುಷ್ಯ ಕುಸಿಯುತ್ತಾನೆ.

ಇದನ್ನು ಮೊದಲು ಗುರುತಿಸಿದ್ದು ಯಂತ್ರವಲ್ಲ, ಬೆರಳು. ಪದೇ ಪದೇ ಮೂರ್ಛೆ ಹೋಗುವವರ ನಾಡಿ ಮಂದವಾಗಿರುವುದನ್ನು ಕಂಡ ಡಬ್ಲಿನ್ನಿನ ರಾಬರ್ಟ್ ಆಡಮ್ಸ್, ದೋಷ ಮಿದುಳಿನದಲ್ಲ, ಹೃದಯದ್ದು ಎಂದು 1827ರಲ್ಲಿ ಬರೆದರು. 1846ರಲ್ಲಿ ಅದೇ ಊರಿನ ವಿಲಿಯಂ ಸ್ಟೋಕ್ಸ್ ಆ ಮಾತಿಗೆ ಬಲ ತಂದರು. ಒಳದಾರಿಯ ನಕ್ಷೆ ಸಿದ್ಧವಾದದ್ದು ಬಹಳ ತಡವಾಗಿ: ನಡುವಿನ ಗಂಟನ್ನು ಜಪಾನಿನ ಸುನಾವೊ ತವಾರಾ 1906ರಲ್ಲಿ ಜರ್ಮನಿಯಲ್ಲಿದ್ದಾಗ ವಿವರಿಸಿದರು, ಪ್ರಚೋದನೆಯ ಹುಟ್ಟುನೆಲೆಯನ್ನು ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ಪ್ರಕಟಿಸಿದರು.

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಮೊತ್ತಮೊದಲ ಪೇಸ್‌ಮೇಕರ್ ಇರಿಸಲಾಯಿತು. ಪತ್ನಿಯ ಹಟವಿಲ್ಲದಿದ್ದರೆ ಅದು ನಡೆಯುತ್ತಿರಲಿಲ್ಲ. ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸುತ್ತ ಲಾರ್ಸನ್ 2001ರವರೆಗೆ ಬದುಕಿದರು. ಯಂತ್ರ ಮಾಡಿದ ಎಲ್ಮ್‌ಕ್ವಿಸ್ಟ್, ಅದನ್ನಿರಿಸಿದ ಸೆನಿಂಗ್ ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಆ ಶಸ್ತ್ರಕ್ರಿಯೆ ನಡೆದಾಗ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿಗೆ ಒಂದೇ ವರ್ಷ ಪ್ರಾಯ.

ಬಹಳ ವರ್ಷಗಳ ಹಿಂದೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಜ್ಜಿಯೊಬ್ಬರು ಆಗಾಗ ಕುಸಿದು ಬೀಳುತ್ತಿದ್ದರು. ಕೈಗೆ ಬೀಗದಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಎಲ್ಲ ಆಯಿತು. ಎರಡು ವರ್ಷ ಮೂರ್ಛೆರೋಗದ ಗುಳಿಗೆ ನುಂಗಿದರು. ತಪ್ಪದೆ ನುಂಗಿರೆಂದು ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬ. ಅವರ ಮುಂಗೈ ಹಿಡಿದು ಒಂದು ನಿಮಿಷ ಎಣಿಸಬೇಕೆಂದು ನನಗಾಗಲಿ, ಬೇರೆ ಯಾರಿಗಾಗಲಿ ತೋಚಲಿಲ್ಲ. ಕೊನೆಗೆ ಎಣಿಸಿದವರು ಒಬ್ಬ ನರ್ಸ್ ತಂಗಿ. ಮೂವತ್ತನಾಲ್ಕು! ಇಸಿಜಿಯ ಕಾಗದ ಉಳಿದುದನ್ನು ಹೇಳಿತು. ಬೆಂಗಳೂರಿಗೆ ಒಯ್ದರು.

ಇಂದು ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಅಂದು ಅಜ್ಜಿ ಪೇಸ್‌ಮೇಕರ್ ಹೊತ್ತು ಮರಳಿದಾಗ ನಾನು ತಪ್ಪೊಪ್ಪಿಕೊಳ್ಳಲೆಂದೇ ಹೋಗಿದ್ದೆ. ಅವರಿಗೆ ಬೇರೆಯದೇ ಚಿಂತೆ: “ಫಾದರ್, ಈ ಮಿಷಿನ್ನಿಗೆ ಮೆಣಸಿನಕಾಯಿ ಘಾಟು ಹತ್ತೂದಿಲ್ಲೇನ್ರಿ?”